ಬೆಂಗಳೂರಲ್ಲಿ ಮೊದಲ ಕೆಲಸ ಸಿಕ್ಕಿದೆ, ಮನೆ ಯಾವ ಏರಿಯಾದಲ್ಲಿ ಮಾಡ್ಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತ್ಕೊಂಡೇ ಕೇಳ್ತಿರೋರು ಒಂದು ಕೈಯಲ್ಲಿ ಕಂಬಿ ಗಟ್ಟಿಯಾಗಿ ಹಿಡ್ಕೊಂಡಿರಿ. ಇವತ್ತಿನ ವಿಷಯ ನಿಮ್ಮದೇ.

ಹೋದ ತಿಂಗಳು ದಾವಣಗೆರೆಯಿಂದ ಚಿಕ್ಕಪ್ಪ ಫೋನ್ ಮಾಡಿದ್ರು. ಅವರ ಮಗಳು, ಅಂದ್ರೆ ನನ್ನ ತಂಗಿ, ಈ ವರ್ಷ ಡಿಗ್ರಿ ಮುಗಿಸಿದ್ದಾಳೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಕೈಗೆ ಬರೋದು ತಿಂಗಳಿಗೆ 22 ಸಾವಿರ, ಮೊದಲ ಆರು ತಿಂಗಳು ಪ್ರೊಬೇಷನ್. ಚಿಕ್ಕಪ್ಪ ಖುಷಿಯಲ್ಲಿದ್ರು. ಎಲ್ಲಾ ಹೇಳಿ ಮುಗಿಸಿ, ಕೊನೇಲಿ, ‘ಹೆಂಗೂ ನೀನು ವಿಜಯನಗರದಲ್ಲೇ ಇದ್ದೀಯಲ್ಲಮ್ಮ, ನಿನ್ನ ರೂಮಲ್ಲೇ ಇರ್ತಾಳೆ ಬಿಡು, ನಮಗೂ ಧೈರ್ಯ’ ಅಂದ್ರು.

ನಾನು ಸುಮ್ನಾದೆ. ಎರಡು ಸೆಕೆಂಡ್ ಅಷ್ಟೇ. ಆದ್ರೆ ಫೋನಲ್ಲಿ ಎರಡು ಸೆಕೆಂಡ್ ಸುಮ್ನಿದ್ರೆ ಅದಕ್ಕೆ ಏನರ್ಥ ಅಂತ ನಿಮಗೂ ಗೊತ್ತು. ಆ ಕಡೆಯಿಂದ ಚಿಕ್ಕಮ್ಮನ ದನಿ ಕೇಳಿಸ್ತು: ‘ಅವಳಿಗೆ ಇಷ್ಟ ಇಲ್ಲ ಅನ್ಸುತ್ತೆ ಬಿಡಿ.’

ಇಷ್ಟ ಇಲ್ಲ ಅಂತಲ್ಲ ಚಿಕ್ಕಮ್ಮ. ಯಾಕೆ ಬೇಡ ಅಂದೆ ಅಂತ ಅವತ್ತು ಫೋನಲ್ಲಿ ಸರಿಯಾಗಿ ಹೇಳೋಕೆ ಆಗ್ಲಿಲ್ಲ. ಇವತ್ತು ಅದನ್ನೇ ಹೇಳ್ತೀನಿ. ನೀವು ಹುಬ್ಬಳ್ಳಿಯಿಂದಲೋ, ಹಾಸನದಿಂದಲೋ, ಕಲಬುರಗಿಯಿಂದಲೋ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೊರಟಿದ್ರೆ ನಿಮ್ಮ ಮನೆಯಲ್ಲೂ ಇದೇ ಮಾತು ನಡೆದಿರುತ್ತೆ. ‘ಅಲ್ಲಿ ನಮ್ಮೋರು ಇದ್ದಾರೆ, ಅಲ್ಲೇ ಇರು.’

ನಾನು ಬಂದದ್ದು 2018ರ ಜೂನ್‌ನಲ್ಲಿ. ಬಿ.ಕಾಂ. ಮುಗಿದು ಒಂದು ತಿಂಗಳೂ ಆಗಿರ್ಲಿಲ್ಲ. ಕೆಲಸ ವೈಟ್‌ಫೀಲ್ಡ್‌ನಲ್ಲಿ, ಐಟಿಪಿಎಲ್ ಹತ್ತಿರ. ಅಕೌಂಟ್ಸ್ ಕೆಲಸ, ಕೈಗೆ 18 ಸಾವಿರ. ಅತ್ತೆ ಮನೆ ವಿಜಯನಗರದಲ್ಲಿ. ಹಾಗಾಗಿ ಅಪ್ಪ ಅಲ್ಲೇ, ಅತ್ತೆ ಮನೆಯಿಂದ ಎರಡು ರಸ್ತೆ ಆಚೆ, ಒಂದು ಲೇಡೀಸ್ ಪಿಜಿ ನೋಡಿದ್ರು. ಮೂವರು ಇರೋ ರೂಮು, ಊಟ ತಿಂಡಿ ಸೇರಿ 5,500. ಅಪ್ಪ ಮ್ಯಾಪಲ್ಲಿ ನೋಡಿ, ‘ಎರಡೂ ಬೆಂಗಳೂರೇ ಅಲ್ವಾ’ ಅಂದ್ರು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದೋರಿಗೆ ಊರು ಅಂದ್ರೆ ಈ ತುದಿಯಿಂದ ಆ ತುದಿಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ಅವರ ತಪ್ಪಲ್ಲ.

ನನ್ನ ದಿನ ಹೀಗಿತ್ತು. ಬೆಳಗ್ಗೆ 6:45ಕ್ಕೆ ಪಿಜಿ ಬಿಡ್ತಿದ್ದೆ. ವಿಜಯನಗರದಲ್ಲಿ ಮೆಟ್ರೊ ಹತ್ತಿ ಬೈಯಪ್ಪನಹಳ್ಳಿಯಲ್ಲಿ ಇಳಿಯೋದು. ಆಗ ನೇರಳೆ ಮಾರ್ಗ ಅಲ್ಲಿಗೇ ಮುಗೀತಿತ್ತು. ಅಲ್ಲಿಂದ ಬಸ್ಸು. ಟಿನ್ ಫ್ಯಾಕ್ಟರಿ, ಕೆ.ಆರ್. ಪುರ ತೂಗು ಸೇತುವೆ, ಮಹದೇವಪುರ, ಹೂಡಿ. ಆ ಟಿನ್ ಫ್ಯಾಕ್ಟರಿ ಹತ್ರ ಬಸ್ಸು ನಿಂತ್ರೆ ಡ್ರೈವರ್ ಇಂಜಿನ್ ಆಫ್ ಮಾಡಿಬಿಡ್ತಿದ್ರು. ಆಫೀಸ್ ಮುಟ್ಟೋದು 9:15. ಸಂಜೆ ಆರೂವರೆಗೆ ಬಿಟ್ರೆ ಪಿಜಿಗೆ ಬರೋದು ಒಂಬತ್ತು ಗಂಟೆ. ಮಳೆ ಬಂದ ದಿನ ಹತ್ತೂ ಆಗಿದೆ. ಅಷ್ಟೊತ್ತಿಗೆ ಪಿಜಿಯಲ್ಲಿ ಸಾರು ಮುಗಿದು, ಅನ್ನ ಮೊಸರು ಉಳಿದಿರ್ತಿತ್ತು.

ಹೋಗ್ಲಿ, ಎಲ್ಲರೂ ಹೀಗೇ ಓಡಾಡ್ತಾರೆ ಅಂದ್ಕೊಂಡೆ. ಮೂರನೇ ತಿಂಗಳಿಗೆ ಕೆಲಸದಲ್ಲಿ ತಪ್ಪುಗಳು ಶುರುವಾದವು. ಬ್ಯಾಂಕ್ ಸ್ಟೇಟ್‌ಮೆಂಟ್‌ಗೂ ಲೆಡ್ಜರ್‌ಗೂ ತಾಳೆ ನೋಡೋ ಕೆಲಸ ನನ್ನದು. ಕಾಲೇಜಲ್ಲಿ ಅದರಲ್ಲಿ ನೂರಕ್ಕೆ ತೊಂಬತ್ತು ತಗೊಂಡೋಳು ನಾನು. ಇಲ್ಲಿ ಒಂದೇ ಎಂಟ್ರಿಯನ್ನ ಎರಡು ಸಲ ಹಾಕ್ತಿದ್ದೆ, ಸೊನ್ನೆ ಬಿಡ್ತಿದ್ದೆ. ಟೀಮ್ ಲೀಡ್ ಒಂದು ದಿನ ಪಕ್ಕಕ್ಕೆ ಕರೆದು, ಬೈಲಿಲ್ಲ, ಮೆತ್ತಗೆ ಕೇಳಿದ್ರು: ‘ಈ ಕೆಲಸ ನಿನಗೆ ಇಷ್ಟ ಇದೆಯಾ?’ ಬೈದಿದ್ರೇ ಚೆನ್ನಾಗಿತ್ತು. ಅವತ್ತು ವಾಪಸ್ ಬರೋವಾಗ ಬಸ್ಸಲ್ಲೇ, ಫೋನಲ್ಲೇ, ರಾಜೀನಾಮೆ ಪತ್ರ ಟೈಪ್ ಮಾಡಿಟ್ಟೆ. ನನಗೆ ಬುದ್ಧಿ ಸಾಲದು, ಇಂಗ್ಲಿಷ್ ಸಾಲದು, ಬೆಂಗಳೂರು ನನ್ನಂಥೋರಿಗಲ್ಲ ಅಂತ ಗಟ್ಟಿಯಾಗಿ ನಂಬಿದ್ದೆ.

ಪಕ್ಕದ ಸೀಟಿನ ಹುಡುಗಿ, ಚಿತ್ರದುರ್ಗದೋಳು, ಕುಂದಲಹಳ್ಳಿಯಲ್ಲಿ ರೂಮು ಮಾಡಿದ್ಲು. ‘ಪತ್ರ ಆಮೇಲೆ ಕೊಡುವಂತೆ, ಹದಿನೈದು ದಿನ ನನ್ನ ರೂಮಲ್ಲಿ ಬಂದು ಮಲ್ಕೋ’ ಅಂದ್ಲು. ಅತ್ತೆಗೆ ಆಡಿಟ್ ಇದೆ ಅಂತ ಸುಳ್ಳು ಹೇಳಿ ಹೋದೆ. ಮೊದಲ ಶನಿವಾರ ಹನ್ನೊಂದು ಗಂಟೆವರೆಗೆ ನಿದ್ದೆ. ಎರಡನೇ ವಾರ ಲೆಡ್ಜರ್‌ನಲ್ಲಿ ಒಂದೇ ಒಂದು ತಪ್ಪಿಲ್ಲ. ಟೀಮ್ ಲೀಡ್‌ಗೆ ಆಶ್ಚರ್ಯ ಆಯ್ತೋ ಇಲ್ವೋ, ನನಗಂತೂ ಆಯ್ತು. ನಿದ್ದೆ ಇಲ್ದೆ ಇದ್ದದ್ದನ್ನ ನಾನು ದಡ್ಡತನ ಅಂದ್ಕೊಂಡಿದ್ದೆ.

ಅವತ್ತು ರಾತ್ರಿ ಒಂದು ಹಾಳೆ ತಗೊಂಡು ಲೆಕ್ಕ ಹಾಕಿದೆ. ಮೂರು ವರ್ಷ ಕಾಸ್ಟ್ ಅಕೌಂಟಿಂಗ್ ಓದಿ ಈ ಲೆಕ್ಕ ಮೊದಲೇ ಹಾಕಿರ್ಲಿಲ್ಲ ನೋಡಿ, ಅದು ನಗೆಪಾಟಲು. ತಿಂಗಳಿಗೆ 22 ದಿನ, ದಿನಕ್ಕೆ 9 ಗಂಟೆ ಆಫೀಸು. ಒಟ್ಟು 198 ಗಂಟೆ. 18 ಸಾವಿರವನ್ನ ಅದರಿಂದ ಭಾಗಿಸಿದ್ರೆ ಗಂಟೆಗೆ ಸುಮಾರು 91 ರೂಪಾಯಿ. ಇದಕ್ಕೆ ದಿನಕ್ಕೆ 5 ಗಂಟೆ ಓಡಾಟ ಸೇರಿಸಿ. 308 ಗಂಟೆ ಆಗುತ್ತೆ. ಗಂಟೆಗೆ 58 ರೂಪಾಯಿ. ಅಂದ್ರೆ ಬಾಡಿಗೆಯಲ್ಲಿ ಮೂರು ಸಾವಿರ ಉಳಿಸೋಕೆ ಹೋಗಿ ನನ್ನ ಸಂಬಳವನ್ನ ನಾನೇ ಮೂರರಲ್ಲೊಂದು ಪಾಲು ಇಳಿಸ್ಕೊಂಡಿದ್ದೆ. ನೀವೂ ಹಾಕಿ ನೋಡಿ ಈ ಲೆಕ್ಕ. ಆಫರ್ ಲೆಟರ್‌ನಲ್ಲಿರೋ ಸಂಬಳ ಒಂದು, ಮನೆ ಅಡ್ರೆಸ್ ಸೇರಿಸಿದ ಮೇಲೆ ಸಿಗೋ ಸಂಬಳ ಇನ್ನೊಂದು.

ಹಾಗಂತ ಆಫೀಸಿನ ಪಕ್ಕದಲ್ಲೇ ಮನೆ ಮಾಡಿ, ಮುಗೀತು ಅಂತ ನಾನು ಹೇಳ್ತಾ ಇಲ್ಲ. ಹಾಗೆ ಅಂದ್ಕೊಂಡೇ ನಾನು ಎರಡನೇ ತಪ್ಪು ಮಾಡಿದ್ದು.

2019ರಲ್ಲಿ ನಾನೂ ಆ ಚಿತ್ರದುರ್ಗದ ಗೆಳತಿಯೂ ಸೇರಿ ವರ್ತೂರು ರಸ್ತೆ ಕಡೆ ಒಂದು ಹೊಸ ಬಿಲ್ಡಿಂಗಲ್ಲಿ ಒನ್ ಬಿಎಚ್‌ಕೆ ತಗೊಂಡ್ವಿ. ಬಾಡಿಗೆ 11 ಸಾವಿರ, ಅಡ್ವಾನ್ಸ್ 80 ಸಾವಿರ. ಆಫೀಸಿಗೆ ಅರ್ಧ ಗಂಟೆ. ಟೈಲ್ಸ್ ಹೊಳೀತಿತ್ತು, ಬಾಲ್ಕನಿ ಇತ್ತು. ನೋಡೋಕೆ ಹೋಗಿದ್ದು ಭಾನುವಾರ ಮಧ್ಯಾಹ್ನ, ನವೆಂಬರ್‌ನಲ್ಲಿ. ಎಲ್ಲಾ ಮನೆಯೂ ಭಾನುವಾರ ಮಧ್ಯಾಹ್ನ ಚೆನ್ನಾಗೇ ಕಾಣ್ಸುತ್ತೆ. ಬ್ರೋಕರ್ ಬಾಲ್ಕನಿಯಲ್ಲಿ ನಿಂತು, ‘ಇನ್ನೊಂದು ವರ್ಷ ಮೇಡಂ, ಮೆಟ್ರೊ ಬಂದ್ರೆ ಬಾಡಿಗೆ ಡಬಲ್’ ಅಂತ ಹೇಳಿದ್ದ. ಒಂದು ತಿಂಗಳ ಬಾಡಿಗೆ ಅವನ ಕಮಿಷನ್.

ವೈಟ್‌ಫೀಲ್ಡ್‌ಗೆ ಮೆಟ್ರೊ ಯಾವಾಗ ಬಂತು ಗೊತ್ತಲ್ವಾ? ಕೆ.ಆರ್. ಪುರದಿಂದ ಕಾಡುಗೋಡಿವರೆಗೆ 2023ರ ಮಾರ್ಚ್‌ನಲ್ಲಿ. ಅದೂ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ಮಧ್ಯೆ ಸುಮಾರು ಎರಡು ಕಿಲೋಮೀಟರ್ ಕೂಡಿರ್ಲಿಲ್ಲ. ಆ ಎರಡು ಕಿಲೋಮೀಟರ್‌ಗೆ ಇಳಿದು ಬಸ್ಸು ಹತ್ತಿ ಮತ್ತೆ ಮೆಟ್ರೊ ಹತ್ತಬೇಕಿತ್ತು. ಪೂರ್ತಿ ಕೂಡಿದ್ದು ಅದೇ ವರ್ಷ ಅಕ್ಟೋಬರ್ 9ಕ್ಕೆ. ಅಷ್ಟೊತ್ತಿಗೆ ನಾನು ಆ ಮನೆ ಬಿಟ್ಟು ಮೂರು ವರ್ಷ ಆಗಿತ್ತು. ಅದಕ್ಕೇ ಹೇಳೋದು, ಬರ್ತಾ ಇರೋ ಮೆಟ್ರೊ ನೋಡಿ ಮನೆ ತಗೋಬೇಡಿ. ಇವತ್ತು ರೈಲು ಓಡ್ತಿದೆಯಾ, ಅದಷ್ಟೇ ಲೆಕ್ಕ. ಸೈಟ್ ಕೊಳ್ಳೋರಿಗೆ ಹತ್ತು ವರ್ಷ ಕಾಯೋಕೆ ಆಗುತ್ತೆ. ನಮ್ಮದು ಹನ್ನೊಂದು ತಿಂಗಳ ಅಗ್ರಿಮೆಂಟು.

ಆ ಮನೆಯಲ್ಲಿ ಫೆಬ್ರವರಿ ಬಂತು. ಬೋರ್‌ವೆಲ್‌ನಲ್ಲಿ ನೀರು ಕಮ್ಮಿ ಆಯ್ತು. ಆಗ ನಮಗೆ ಗೊತ್ತಾಗಿದ್ದು, ಆ ರಸ್ತೆಗೆ ಕಾವೇರಿ ನೀರಿನ ಕನೆಕ್ಷನ್ನೇ ಇಲ್ಲ ಅಂತ. ಇದು ಊರಿಂದ ಬರೋರಿಗೆ ಗೊತ್ತಿರಲ್ಲ, ಸ್ವಲ್ಪ ಬಿಡಿಸಿ ಹೇಳ್ತೀನಿ. 2007ರಲ್ಲಿ ಬೆಂಗಳೂರು ದೊಡ್ಡದಾದಾಗ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಜೊತೆಗೆ 110 ಹಳ್ಳಿಗಳು ಪಾಲಿಕೆಗೆ ಸೇರಿದ್ವು. ಐಟಿ ಕಂಪನಿಗಳ ಸುತ್ತ ಇವತ್ತು ಎದ್ದಿರೋ ಎಷ್ಟೋ ಬಿಲ್ಡಿಂಗು ಆ ಹಳ್ಳಿಗಳ ಜಾಗದಲ್ಲೇ ಇವೆ. ಹೆಸರು ಬೆಂಗಳೂರು ಆಯ್ತು, ಪೈಪು ಬರ್ಲಿಲ್ಲ. ಆ ಹಳ್ಳಿಗಳಿಗೆ ಅಂತಲೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ, ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ. ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಜನ ಎಷ್ಟು ಒದ್ದಾಡಿದ್ರು ಅಂತ ನೀವು ವಿಡಿಯೊಗಳಲ್ಲಿ ನೋಡಿರ್ತೀರಿ. ಈಗಲೂ ಯೋಜನೆ ಬಂದಿದೆ ಅಂದ ಮಾತ್ರಕ್ಕೆ ನಿಮ್ಮ ಬಿಲ್ಡಿಂಗ್ ಕನೆಕ್ಷನ್ ತಗೊಂಡಿದೆ ಅಂತಲ್ಲ.

ಹಾಗಾಗಿ ಓನರ್‌ನ, ‘ನೀರು ಬರುತ್ತಾ?’ ಅಂತ ಕೇಳಬೇಡಿ. ಬರುತ್ತೆ ಅಂತಾನೇ ಹೇಳ್ತಾರೆ. ಜಲಮಂಡಳಿ ಬಿಲ್ ತೋರಿಸಿ ಅಂತ ಕೇಳಿ. ಆಮೇಲೆ ಬೀದಿ ಕೊನೆಯ ಇಸ್ತ್ರಿ ಅಂಗಡಿಗೆ ಹೋಗಿ, ‘ಅಣ್ಣ, ಏಪ್ರಿಲ್‌ನಲ್ಲಿ ಈ ರಸ್ತೆಗೆ ಟ್ಯಾಂಕರ್ ಎಷ್ಟು ಬರುತ್ತೆ?’ ಅಂತ ಕೇಳಿ. ಇಸ್ತ್ರಿ ಅಂಗಡಿಯೋರಿಗೆ ಗೊತ್ತಿಲ್ಲದ ವಿಷಯ ಆ ರಸ್ತೆಯಲ್ಲಿ ಇರಲ್ಲ. ಯಾವ ಓನರ್ ಅಡ್ವಾನ್ಸ್ ವಾಪಸ್ ಕೊಡಲ್ಲ, ಯಾವ ಪಿಜಿಯಲ್ಲಿ ಹೊಟ್ಟೆ ಕೆಡುತ್ತೆ, ಎಲ್ಲಾ ಗೊತ್ತು. ಒಂದು ಜೊತೆ ಬಟ್ಟೆ ಇಸ್ತ್ರಿಗೆ ಕೊಡಿ, ಬ್ರೋಕರ್ ಹೇಳದೇ ಇದ್ದದ್ದೆಲ್ಲಾ ಹೇಳ್ತಾರೆ.

ಮಳೆ ವಿಷಯವೂ ಹಾಗೇ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ನೀರು ನುಗ್ಗಿ, ಜನ ಟ್ರ್ಯಾಕ್ಟರ್ ಮೇಲೆ ಆಫೀಸಿಗೆ ಹೋದದ್ದು ನೆನಪಿದೆಯಲ್ವಾ? ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳೂ ಮುಳುಗಿದ್ವು. ನೀರಿಗೆ ಬಡವ ಶ್ರೀಮಂತ ಗೊತ್ತಾಗಲ್ಲ, ತಗ್ಗು ಎಲ್ಲಿದೆ ಅಂತ ಗೊತ್ತಾಗುತ್ತೆ. ಮನೆ ನೋಡೋ ಮುಂಚೆ ಏರಿಯಾ ಹೆಸರು, ಪಕ್ಕದಲ್ಲಿ ‘ಮಳೆ’ ಅಂತ ಹಾಕಿ ಹಳೇ ವಿಡಿಯೊ ಹುಡುಕಿ. ಐದು ನಿಮಿಷದ ಕೆಲಸ. ಹತ್ತಿರದಲ್ಲಿ ಕೆರೆ, ರಾಜಕಾಲುವೆ ಇದ್ರೆ ಗ್ರೌಂಡ್ ಫ್ಲೋರ್ ಬೇಡವೇ ಬೇಡ.

ಆ ವರ್ತೂರು ರಸ್ತೆ ಮನೆಯಲ್ಲಿ ನೀರಿಗಿಂತ ನನಗೆ ಕಷ್ಟ ಆಗಿದ್ದು ಬೇರೆ. ಬಸ್ ಸ್ಟಾಪಿನಿಂದ ಮನೆಗೆ ಎಂಟುನೂರು ಮೀಟರ್. ಮಧ್ಯೆ ಖಾಲಿ ಸೈಟುಗಳು, ಎರಡು ಬೀದಿದೀಪ, ಅದರಲ್ಲಿ ಒಂದು ಉರೀತಿರ್ಲಿಲ್ಲ. ಅಂಗಡಿ ಅಂತ ಒಂದೂ ಇಲ್ಲ. ರಾತ್ರಿ ಎಂಟೂವರೆಗೆ ನಾನು ಫೋನಲ್ಲಿ ಸುಮ್ಸುಮ್ನೆ ಯಾರ ಜೊತೆಗೋ ಮಾತಾಡೋ ನಾಟಕ ಮಾಡ್ಕೊಂಡು ನಡೀತಿದ್ದೆ. ಹುಡುಗಿಯರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಹುಡುಗರು ಒಂದು ಸಲ ನಿಮ್ಮ ಅಕ್ಕ ತಂಗಿಯನ್ನ ಕೇಳಿ ನೋಡಿ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯ್ತು, ಊರಿಗೆ ಹೋದ್ವಿ, ಮನೆಯಿಂದಲೇ ಕೆಲಸ. ಮನೆ ಖಾಲಿ ಮಾಡೋವಾಗ 80 ಸಾವಿರದಲ್ಲಿ ವಾಪಸ್ ಬಂದದ್ದು 51 ಸಾವಿರ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ನೋಟಿಸ್ ಕೊಡದೇ ಇದ್ದದ್ದಕ್ಕೆ ಒಂದು ತಿಂಗಳು, ಇನ್ನುಳಿದ ಏಳು ಸಾವಿರ ‘ಕ್ಲೀನಿಂಗ್, ಪ್ಲಂಬಿಂಗ್’. ಎಲ್ಲಾ ಅಗ್ರಿಮೆಂಟ್‌ನಲ್ಲಿ ಬರೆದಿತ್ತು. ಓದದೇ ಸಹಿ ಹಾಕಿದ್ದೋಳು ಬಿ.ಕಾಂ. ಪದವೀಧರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತೆ. ಆದ್ರೆ ಅದು ಮಾದರಿ ಅಷ್ಟೇ, ರಾಜ್ಯಗಳು ತಂದ್ರೆ ಮಾತ್ರ ಬೆಲೆ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೇ ಪದ್ಧತಿ, ಈಗ ಐದಾರು ತಿಂಗಳಿಗೆ ಒಪ್ಪೋರೂ ಇದ್ದಾರೆ, ಕೇಳಿದ್ರೆ. ಇನ್ನೊಂದು, ‘ಲೀಸ್‌ಗೆ ತಗೊಳ್ಳಿ, ಬಾಡಿಗೆನೇ ಬೇಡ’ ಅಂತಾರಲ್ಲ, ನಮ್ಮ ಕಡೆ ಭೋಗ್ಯ ಅನ್ನೋದು, ಹೊಸದಾಗಿ ಬಂದೋರು ಅದರ ತಂಟೆಗೆ ಹೋಗ್ಲೇಬೇಡಿ. ಓನರ್ ಆ ಮನೆ ಮೇಲೆ ಬ್ಯಾಂಕಲ್ಲಿ ಸಾಲ ಮಾಡಿ ಕಟ್ಟದೇ ಇದ್ರೆ ನಿಮ್ಮ ಲಕ್ಷಗಳು ಎಲ್ಲಿ ಹೋಗ್ತವೆ ಅಂತ ಯೋಚನೆ ಮಾಡಿ.

ಈಗ ನಾನಿರೋದು ಎಲ್ಲಿ? ವಿಜಯನಗರದಲ್ಲಿ. ಹೌದು, ಅದೇ ವಿಜಯನಗರ. 2023ರ ಕೊನೆಯಲ್ಲಿ ವಾಪಸ್ ಬಂದೆ. ಆಫೀಸು ಅದೇ ವೈಟ್‌ಫೀಲ್ಡ್ ಕಡೆ, ಆದ್ರೆ ವಾರಕ್ಕೆ ಎರಡು ದಿನ. ನೇರಳೆ ಮಾರ್ಗ ಈಗ ಚಲ್ಲಘಟ್ಟದಿಂದ ಕಾಡುಗೋಡಿವರೆಗೆ ಒಂದೇ ರೈಲು. ಹತ್ತಿದ್ರೆ ಇಳಿಯೋದು ಪಟ್ಟಂದೂರು ಅಗ್ರಹಾರದಲ್ಲೇ. ಒಂದು ಗಂಟೆ ಚಿಲ್ಲರೆ, ಮಧ್ಯೆ ಇಳಿಯೋದಿಲ್ಲ, ಹತ್ತೋದಿಲ್ಲ. ಸೀಟ್ ಸಿಕ್ರೆ ಈ ಪಾಡ್‌ಕಾಸ್ಟಿನ ಸ್ಕ್ರಿಪ್ಟು ಅಲ್ಲೇ ಬರೀತೀನಿ. 2025ರ ಫೆಬ್ರವರಿಯಲ್ಲಿ ದರ ಏರಿಸಿದ್ರು, ಗರಿಷ್ಠ ಟಿಕೆಟ್ 60 ಇದ್ದದ್ದು 90 ಆಯ್ತು. ಅದು ಚುಚ್ಚುತ್ತೆ. ನಾನು ವಾರಕ್ಕೆ ಎರಡೇ ದಿನ ಹೋಗೋದ್ರಿಂದ ತಡ್ಕೊಂಡಿದ್ದೀನಿ, ದಿನಾ ಹೋಗೋರಿಗೆ ತಿಂಗಳ ಲೆಕ್ಕದಲ್ಲಿ ಅದು ದೊಡ್ಡ ದುಡ್ಡು.

ಅದೇ ಏರಿಯಾ, ಅದೇ ಅತ್ತೆ ಮನೆ ಎರಡು ರಸ್ತೆ ಆಚೆ. 2018ರಲ್ಲಿ ನನ್ನನ್ನ ಊರಿಗೆ ವಾಪಸ್ ಕಳಿಸೋಕೆ ಇದ್ದ ಜಾಗ, ಈಗ ನನಗೆ ಅತ್ಯಂತ ಅನುಕೂಲದ ಜಾಗ. ಹೋದ ಜುಲೈನಲ್ಲಿ ಡೆಂಗಿ ಬಂದು ಮಲಗಿದಾಗ ಅತ್ತೆ ಐದು ದಿನ ಗಂಜಿ ತಂದುಕೊಟ್ರು. ಅಪ್ಪ ಹೇಳಿದ್ದ ‘ನಮ್ಮೋರು ಇದ್ದಾರೆ’ ಅನ್ನೋ ಮಾತು ಸುಳ್ಳಾಗಿರ್ಲಿಲ್ಲ. ಅದಕ್ಕೆ ಕೊಡ್ತಿದ್ದ ಬೆಲೆ ಜಾಸ್ತಿ ಇತ್ತು. ಈಗ ಕಮ್ಮಿ ಆಗಿದೆ.

ಹಾಗಾದ್ರೆ ತಂಗಿಯೂ ಇಲ್ಲೇ ಇರಬಹುದಲ್ವಾ? ಇದೇ ಪ್ರಶ್ನೆ ಚಿಕ್ಕಮ್ಮನದೂ.

ಅವಳು ಸೇರೋ ಹತ್ತು ದಿನ ಮುಂಚೆ ಬೆಂಗಳೂರಿಗೆ ಕರೆಸ್ಕೊಂಡೆ. ‘ಮನೆ ಆಮೇಲೆ, ಮೊದಲು ಆಫೀಸಿಗೆ ಹೋಗಿ ಬರೋಣ’ ಅಂದೆ. ಬೇಕಂತಲೇ ಮಂಗಳವಾರ, ಕೆಲಸದ ದಿನ, 7:45ಕ್ಕೆ ಮನೆ ಬಿಟ್ವಿ. ವಿಜಯನಗರದಿಂದ ಮೆಜೆಸ್ಟಿಕ್, ಅಲ್ಲಿ ಇಳಿದು ಹಸಿರು ಮಾರ್ಗ. ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸೋದು ಅಂದ್ರೆ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದ ಹಾಗೆ, ನೀವು ನಡಿಯೋದೇ ಬೇಡ, ಜನ ತಗೊಂಡು ಹೋಗ್ತಾರೆ. ಆರ್.ವಿ. ರೋಡ್‌ನಲ್ಲಿ ಮತ್ತೆ ಇಳಿದು ಹಳದಿ ಮಾರ್ಗ. ಇದು 2025ರ ಆಗಸ್ಟ್‌ನಲ್ಲಿ ಶುರುವಾದದ್ದು, ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ 16 ನಿಲ್ದಾಣ. ಶುರುವಿನಲ್ಲಿ 25 ನಿಮಿಷಕ್ಕೊಂದು ರೈಲು ಇತ್ತು, ರೈಲು ಹೆಚ್ಚಾದ ಹಾಗೆ ಕಾಯೋದು ಕಮ್ಮಿ ಆಗ್ತಾ ಬಂತು. ಸಿಲ್ಕ್ ಬೋರ್ಡ್ ಮೇಲೆ ಹೋಗೋವಾಗ ಕೆಳಗೆ ನಿಂತ ಗಾಡಿಗಳನ್ನ ನೋಡಿ ತಂಗಿ ಫೋಟೊ ತೆಗೆದ್ಲು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದು, ಆಟೋ ಹತ್ತಿ ಅವಳ ಆಫೀಸ್ ಗೇಟ್ ಮುಟ್ಟಿದಾಗ 9:20. ಒಂದು ಗಂಟೆ ಮೂವತ್ತೈದು ನಿಮಿಷ. ವಾಪಸ್ ಅಷ್ಟೇ. ವಾರಕ್ಕೆ ಐದು ದಿನ ಅವಳು ಹೋಗ್ಬೇಕು, ಟ್ರೇನಿಗಳಿಗೆ ಮನೆಯಿಂದ ಕೆಲಸ ಇಲ್ಲ.

ಗೇಟ್ ಮುಂದೆ ನಿಂತ್ಕೊಂಡು ಅವಳೇ ಅಂದ್ಲು, ‘ಅಕ್ಕ, ನಿನ್ನ ರೂಮು ಬೇಡ.’ ಇದನ್ನ ನಿಮ್ಮ ಅಮ್ಮನಿಗೆ ನೀನೇ ಹೇಳು ಮಾರಾಯ್ತಿ ಅಂದೆ.

ಅವತ್ತಿಡೀ ಸುತ್ತಿದ್ವಿ. ನನ್ನ ತಲೆಯಲ್ಲಿದ್ದದ್ದು ಸಿಂಗಸಂದ್ರ, ಹೊಸ ರೋಡ್ ಆ ಕಡೆ. ಹಳದಿ ಮಾರ್ಗದಲ್ಲೇ ಆಫೀಸಿಗೆ ಹತ್ತು ನಿಮಿಷ. ಸಿಂಗಸಂದ್ರದಲ್ಲಿ ಇಬ್ಬರು ಇರೋ ರೂಮಿನ ಪಿಜಿ 8,000 ಹೇಳಿದ್ರು. ನಾನು ಅಲ್ಲಿ ಊಟದ ಸಮಯಕ್ಕೇ ಹೋಗಿ, ಅಡುಗೆಮನೆ ನೋಡಿ, ಅಲ್ಲಿರೋ ಹುಡುಗಿಯರನ್ನ ಮಾತಾಡಿಸಿ, ಅಡ್ವಾನ್ಸ್‌ನಲ್ಲಿ ಎಷ್ಟು ಹಿಡ್ಕೋತಾರೆ, ರಾತ್ರಿ ಗೇಟ್ ಎಷ್ಟೊತ್ತಿಗೆ ಹಾಕ್ತಾರೆ ಅಂತ ಎಲ್ಲಾ ವಿಚಾರಿಸಿದೆ. ನನ್ನ ಪ್ರಕಾರ ಮುಗೀತು.

ಎರಡು ಮನೆಗಳ ಗೇಟಲ್ಲಿ ‘ಟು-ಲೆಟ್’ ಬೋರ್ಡ್ ನೋಡಿ ಕೇಳಿದ್ವಿ, ಸುಮ್ನೆ ರೇಟ್ ಗೊತ್ತಾಗಲಿ ಅಂತ. ಒಂದರಲ್ಲಿ ಬಾಡಿಗೆ ಹೇಳೋ ಮುಂಚೆಯೇ, ‘ನೀವು ಯಾವ ಜನ?’ ಅಂದ್ರು. ಎಂಟು ವರ್ಷದಿಂದ ಈ ಊರಲ್ಲಿದ್ದೀನಿ, ಆ ಪ್ರಶ್ನೆಗೆ ಇನ್ನೂ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತೆ. ತಂಗಿ, ‘ದಾವಣಗೆರೆ ಜನ’ ಅಂದ್ಲು. ಅವರು ನಗಲಿಲ್ಲ. ನಾವು ಬಂದ್ವಿ. ಈ ಪ್ರಶ್ನೆಗೆ ಸುಳ್ಳು ಹೇಳಿ ಮನೆ ತಗೊಂಡೋರನ್ನ ನಾನು ಬಲ್ಲೆ. ಮೊಟ್ಟೆ ಸಿಪ್ಪೆಯನ್ನ ಪೇಪರ್‌ನಲ್ಲಿ ಸುತ್ತಿ ಬ್ಯಾಗಲ್ಲಿ ಹಾಕ್ಕೊಂಡು ಆಫೀಸಿನ ಡಸ್ಟ್‌ಬಿನ್‌ಗೆ ಹಾಕ್ತಿದ್ಲು ಒಬ್ಬ ಗೆಳತಿ. ಬಾಡಿಗೆ ಕಟ್ಟಿಯೂ ಕಳ್ಳರ ಹಾಗೆ ಇರಬೇಕಾದ ಮನೆ ಎಷ್ಟೇ ಹತ್ತಿರ ಇದ್ರೂ ಅದು ನನ್ನ ಲೆಕ್ಕದಲ್ಲಿ ದುಬಾರಿನೇ.

ಮೂರು ಗಂಟೆಗೆ ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡೀತಿದ್ವಿ. ಸಿಂಗಸಂದ್ರದ ಪಿಜಿಗೆ ಟೋಕನ್ ಕೊಟ್ಟುಬಿಡೋಣ ಅಂದೆ. ಅವಳು ಕೇಳಿದ್ಲು, ‘ಅಕ್ಕ, ಆರು ತಿಂಗಳಾದ ಮೇಲೆ ಅವರು ನನ್ನ ಪರ್ಮನೆಂಟ್ ಮಾಡದೇ ಇದ್ರೆ?’

ನಿಜ ಹೇಳ್ತೀನಿ, ನಾನು ಇದನ್ನ ಯೋಚನೆನೇ ಮಾಡಿರ್ಲಿಲ್ಲ. ನನ್ನ ಎಲ್ಲಾ ಲೆಕ್ಕವೂ ಒಂದು ಆಫೀಸು, ಒಂದು ಮನೆ. ಅವಳ ಜೊತೆ ಓದಿದ ಇಬ್ಬರನ್ನ ಪ್ರೊಬೇಷನ್ ಮುಗಿಯೋ ಮುಂಚೆಯೇ ಕಳಿಸಿದ್ದಾರಂತೆ. ‘ಮುಂದಿನ ಇಂಟರ್‌ವ್ಯೂಗಳು ಊರೆಲ್ಲಾ ಕಡೆ ಇರ್ತವೆ. ಸಿಂಗಸಂದ್ರದಿಂದ ಎಲ್ಲಿಗೆ ಹೋದ್ರೂ ಮೊದಲು ಆರ್.ವಿ. ರೋಡ್‌ಗೇ ಬರ್ಬೇಕಲ್ಲ. ಅಲ್ಲೇ ಇದ್ರೆ?’ ಅಂದ್ಲು. ಫೋನಲ್ಲಿ ಮೆಟ್ರೊ ಮ್ಯಾಪ್ ತೆಗೆದು ಎರಡು ಬಣ್ಣ ಕೂಡೋ ಜಾಗದ ಮೇಲೆ ಬೆರಳಿಟ್ಲು.

ಸಂಜೆ ರಾಗಿಗುಡ್ಡ ಸ್ಟೇಷನ್‌ನಲ್ಲಿ ಇಳಿದು ಹುಡುಕಿದ್ವಿ. ಜಯನಗರದ ಆ ತುದಿ. ಪಿಜಿ ಹತ್ತು ಸಾವಿರ, ಅಂದ್ರೆ ಎರಡು ಸಾವಿರ ಜಾಸ್ತಿ. ರೂಮು ಚಿಕ್ಕದು. ಕಿಟಕಿ ತೆಗೆದ್ರೆ ಪಕ್ಕದ ಮನೆಯ ಗೋಡೆ. ನನಗೆ ಇಷ್ಟ ಆಗ್ಲಿಲ್ಲ. ಆದ್ರೆ ರಾತ್ರಿ ಎಂಟೂವರೆಗೆ ಸ್ಟೇಷನ್‌ನಿಂದ ಆ ಗೇಟಿನವರೆಗೆ ಇಬ್ಬರೂ ಮತ್ತೊಂದು ಸಲ ನಡೆದು ನೋಡಿದ್ವಿ. ಹೂವಿನವರು, ಮೆಡಿಕಲ್ ಶಾಪು, ತರಕಾರಿ ಗಾಡಿ, ವಾಕಿಂಗ್ ಹೊರಟ ಅಜ್ಜಂದಿರು. ಯಾರ ಜೊತೆಗೂ ಫೋನಲ್ಲಿ ಮಾತಾಡೋ ನಾಟಕ ಮಾಡೋದು ಬೇಕಾಗ್ಲಿಲ್ಲ. ಆಫೀಸಿಗೆ ಅಲ್ಲಿಂದ ಒಂದೇ ರೈಲು, ಬಾಗಿಲಿಂದ ಬಾಗಿಲಿಗೆ ಐವತ್ತು ನಿಮಿಷ. ರೈಲು ತಪ್ಪಿದ ದಿನ ಬಸ್ಸೂ ಇದೆ, ಸಾಮಾನ್ಯ ಬಿಎಂಟಿಸಿ ಬಸ್ಸಾದ್ರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ. ತಿಂಗಳಿಗೆ ಎರಡು ಸಾವಿರ ಅಂದ್ರೆ ಆರು ತಿಂಗಳಿಗೆ 12 ಸಾವಿರ. 22 ಸಾವಿರ ಸಂಬಳದಲ್ಲಿ ಅದು ಸಣ್ಣದಲ್ಲ, ಅವಳಿಗೂ ಗೊತ್ತು. ಹೊಸ ಫೋನ್ ಮುಂದಿನ ವರ್ಷ ಅಂದ್ಲು. ಮನೆ ಅಗ್ರಿಮೆಂಟ್ ಆಗಿದ್ರೆ ಹನ್ನೊಂದು ತಿಂಗಳಿಗೆ ಸಿಕ್ಕಿಹಾಕ್ಕೋತಿದ್ಲು. ಪಿಜಿಯಲ್ಲಿ ಒಂದು ತಿಂಗಳ ನೋಟಿಸ್ ಸಾಕು ಅಂತ ರಸೀದಿ ಮೇಲೆ ಬರೆಸ್ಕೊಂಡ್ವಿ.

ಚಿಕ್ಕಪ್ಪನಿಗೆ ಫೋನಲ್ಲಿ ಹೇಳಿದೆ. ಗಂಟೆ, ಕಿಲೋಮೀಟರು, 58 ರೂಪಾಯಿ, ಎಲ್ಲಾ. ನಾನು 2018ರಲ್ಲಿ ಬಸ್ಸಲ್ಲಿ ಟೈಪ್ ಮಾಡಿದ್ದ ರಾಜೀನಾಮೆ ಪತ್ರದ ವಿಷಯವನ್ನ ಮನೆಯೋರಿಗೆ ಮೊದಲ ಸಲ ಹೇಳಿದ್ದೂ ಅವತ್ತೇ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ‘ಇದನ್ನೆಲ್ಲಾ ನಿಮ್ಮ ಅಪ್ಪನಿಗೆ ಯಾಕಮ್ಮ ಹೇಳಿರ್ಲಿಲ್ಲ?’ ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಚಿಕ್ಕಮ್ಮ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಮೊನ್ನೆ ಮಗಳ ಕೈಯಲ್ಲಿ ಚಟ್ನಿಪುಡಿ ಕಳಿಸಿದ್ದಾರೆ, ಎರಡು ಡಬ್ಬಿ, ಒಂದರ ಮೇಲೆ ನನ್ನ ಹೆಸರಿದೆ. ಹಾಗಾಗಿ ಪರವಾಗಿಲ್ಲ ಅನ್ಸುತ್ತೆ.

ತಂಗಿ ಕೆಲಸಕ್ಕೆ ಸೇರಿ ಎರಡು ವಾರ ಆಯ್ತು. ಭಾನುವಾರ ನಮ್ಮ ರೂಮಿಗೆ ಊಟಕ್ಕೆ ಬರ್ತಾಳೆ. ಪಿಜಿಯ ಹಾಸಿಗೆ ತೆಳ್ಳಗಿದೆಯಂತೆ, ಒಂದು ಒಳ್ಳೇ ಹಾಸಿಗೆ ಕೊಳ್ಳೋಕೆ ಹೋಗ್ಬೇಕು, ಅದನ್ನ ಮೆಟ್ರೊದಲ್ಲಿ ಬಿಡ್ತಾರೋ ಇಲ್ವೋ ನೋಡ್ಬೇಕು. ನೀವು ಯಾವ ಏರಿಯಾದಲ್ಲಿ ಇದ್ದೀರಿ, ಬಾಗಿಲಿಂದ ಬಾಗಿಲಿಗೆ ಎಷ್ಟು ನಿಮಿಷ, ಲೆಕ್ಕ ಹಾಕಿದ ಮೇಲೆ ಗಂಟೆಗೆ ಎಷ್ಟು ಬಂತು, ವಾಯ್ಸ್ ನೋಟ್ ಕಳಿಸಿ. ಹಾಸಿಗೆ ಅಂಗಡಿ ಎಲ್ಲಿ ಚೆನ್ನಾಗಿದೆ ಅಂತ ಗೊತ್ತಿದ್ರೆ ಅದನ್ನೂ ಹೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.